ನೆಲ ತಾಗದ ಶೂ

ನಮ್ಮ ತಲೆಯ ಮೇಲೆ ಮನುಷ್ಯನೊಬ್ಬ ಓಡತೊಡಗಿ ಆಗಲೇ ವಾರವಾಗಿತ್ತು. ಬೆಳಿಗ್ಗೆ ನಾನು ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಮೇಲಿನ ಮನೆಯಲ್ಲಿ ದಡದಡ ಶುರು. ಹಾಲ್‌ನಿಂದ ಅಡುಗೆಮನೆ, ಅಡುಗೆಮನೆಯಿಂದ ಮಲಗುವ ಕೋಣೆ, ಅಲ್ಲಿ ಮಂಚಕ್ಕೊಂದು ಸುತ್ತು, ಮತ್ತೆ ಹಾಲ್. ಮಂಚದ ತಿರುವಿನಲ್ಲಿ ಒಂದು ಏದುಸಿರು, ಫ್ರಿಜ್‌ನ ಹತ್ತಿರ ಒಂದು ಕೆಮ್ಮು. ನಮ್ಮ ಹಾಲ್‌ನ ಫ್ಯಾನು ಆಫ್ ಆಗಿದ್ದರೂ ಸಣ್ಣಗೆ ತಲೆಯಾಡಿಸುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಮೇಲೆ ಹೋಗಿ ನಾಲ್ಕು ಮಾತು ಆಡಿ ಬರುತ್ತಿದ್ದೆ. ಆದರೆ ಓಡುತ್ತಿದ್ದವರು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಷಡ್ಡಕನ ಮೇಲೆ ದೂರು ಹೇಳಿದವನು ತನ್ನ ಮನೆಯಲ್ಲಿ ಊಟ ಮಾಡಿ ಉಳಿಯಲಾರ. ಮೇಲಾಗಿ ಅವರು ಯಾಕೆ ಓಡುತ್ತಿದ್ದಾರೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಆ ಸದ್ದು ಕೇಳಿದಾಗಲೆಲ್ಲ ಕೂತು ಸುತ್ತು ಎಣಿಸುತ್ತಿದ್ದೆ.

ಅವರನ್ನು ಎಲ್ಲರೂ ಕರೆಯುವುದು ಕ್ಯಾಪ್ಟನ್ ಅಂತ. ಅವರು ಯಾವ ಸೈನ್ಯದಲ್ಲೂ ಇದ್ದವರಲ್ಲ, ಯಾವ ತಂಡಕ್ಕೂ ಆಡಿದವರಲ್ಲ. ಒಂದು ದೊಡ್ಡ ಕಂಪನಿಯ ಮುಖ್ಯ ಗೇಟಿನಲ್ಲಿ ಸೆಕ್ಯೂರಿಟಿ. ಆದರೆ ಆ ಟೋಪಿ, ಆ ಮೀಸೆ, ಬೂಟಿನ ಆ ಹೊಳಪು ನೋಡಿದರೆ ಗೇಟಿನ ಒಳಗಿರುವುದು ಬಿಸ್ಕತ್ತಿನ ಕಾರ್ಖಾನೆ ಅಂತ ಯಾರಿಗೂ ಅನಿಸುತ್ತಿರಲಿಲ್ಲ. ದೇಶದ ಖಜಾನೆಯೇ ಇರಬೇಕು ಅನ್ನಿಸುತ್ತಿತ್ತು. ಅವರ ಸೆಲ್ಯೂಟಿನಲ್ಲೂ ದರ್ಜೆಗಳಿದ್ದವು. ಮ್ಯಾನೇಜರ ಕಾರಿಗೆ ಹಿಮ್ಮಡಿ ಬಡಿದು ಪೂರ್ತಿ ಸೆಲ್ಯೂಟ್. ಟೈ ಕಟ್ಟಿದವರಿಗೆ ಹಿಮ್ಮಡಿ ಇಲ್ಲದ್ದು. ಸ್ಕೂಟರಿನವರಿಗೆ ಗದ್ದ ಮಾತ್ರ ಒಂಚೂರು ಮೇಲಕ್ಕೆ.

ಎಲ್ಲಕ್ಕಿಂತ ಅವರಿಗೆ ಪ್ರಿಯವಾದದ್ದು ಉದ್ದ ಕೋಲಿನ ತುದಿಗೆ ಕಟ್ಟಿದ ಕನ್ನಡಿ. ಒಳಗೆ ಬರುವ ಪ್ರತಿ ಗಾಡಿಯ ಅಡಿಗೆ ಅದನ್ನು ತೂರಿಸಿ, ಬಗ್ಗಿ, ಹುಬ್ಬು ಗಂಟಿಕ್ಕಿ ನೋಡುವರು. ಇಷ್ಟು ವರ್ಷಗಳಲ್ಲಿ ಆ ಕನ್ನಡಿಗೆ ಸಿಕ್ಕಿದ್ದು ಒಂದೇ ಒಂದು ಬೆಕ್ಕು. ಅದನ್ನು ಯಾರಾದರೂ ಆಡಿಕೊಂಡರೆ, "ಬೆಕ್ಕು ಕೂರೋ ಜಾಗದಲ್ಲಿ ಬೇರೆ ಏನು ಬೇಕಾದ್ರೂ ಕೂರಬಹುದು," ಅನ್ನುವರು.

ಆದರೆ ಕಷ್ಟ ಗಾಡಿಯ ಅಡಿಯಿಂದ ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು, ಎರಡು ಕಾಲಿನ ಮೇಲೆ ನಡೆದು ಬಂತು. ಆ ಯುವಕ ಹೊರಗೆ ಹೋಗುವಾಗ ಕ್ಯಾಪ್ಟನ್ ಅವನಿಗೆ ಎರಡನೇ ದರ್ಜೆಯ ಸೆಲ್ಯೂಟ್ ಹೊಡೆದರು. ಅವನೂ ಮರ್ಯಾದೆಯಿಂದ ತಲೆ ಬಾಗಿಸಿದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕಳ್ಳ ಕಳ್ಳ ಅಂತ ಕೂಗಿದರು. ಯುವಕ ಕಾಲಿಗೆ ಬುದ್ಧಿ ಹೇಳಿದ. ಕ್ಯಾಪ್ಟನ್ ಬೆನ್ನಟ್ಟಿದರು. ಬೆನ್ನಟ್ಟಿದ್ದು ಮೊದಲನೇ ಲೈಟುಕಂಬದವರೆಗೆ. ಅಲ್ಲಿ ಕಂಬ ಹಿಡಿದು ನಿಂತು ವಿಸಿಲ್ ಊದಲು ನೋಡಿದರೆ ಊದುವುದಕ್ಕೂ ಉಸಿರಿರಲಿಲ್ಲ. ಸೆಲ್ಯೂಟಿನಿಂದ ಹಿಡಿದು ಕಂಬದವರೆಗೆ ಎಲ್ಲವೂ ಕ್ಯಾಮೆರಾದಲ್ಲಿ ಚೆನ್ನಾಗಿ ಮೂಡಿಬಂದಿತ್ತು.

ಸೆಕ್ಯೂರಿಟಿ ಏಜೆನ್ಸಿಗೆ ಆಗಷ್ಟೇ ಹೊಸ ಆಫೀಸರ್ ಬಂದಿದ್ದರು. ಕೊರಳಲ್ಲಿ ಸದಾ ಸ್ಟಾಪ್‌ವಾಚ್ ತೂಗುಹಾಕಿಕೊಂಡಿರುವ ಯುವಕ. ಅವರು ಆ ವಿಡಿಯೊವನ್ನು ಎಲ್ಲರನ್ನೂ ಕೂರಿಸಿ ತೋರಿಸಿ ಹೊಸ ನಿಯಮ ಹೇಳಿದರು. ತಿಂಗಳ ಕೊನೆಗೆ ಓಟದ ಪರೀಕ್ಷೆ. ಗೋಡೌನ್ ಹಿಂದಿನ ಮೈದಾನಕ್ಕೆ ನಾಲ್ಕು ಸುತ್ತು, ಗೊತ್ತುಮಾಡಿದ ಸಮಯದೊಳಗೆ. ಆಗದವರಿಗೆ ಗೇಟಿಲ್ಲ, ಏಜೆನ್ಸಿಯಲ್ಲಿ ಬೇರೆ ಕೆಲಸವೂ ಇಲ್ಲ.

ಕ್ಯಾಪ್ಟನ್‌ಗೆ ಐವತ್ತು ದಾಟಿತ್ತು. ಮಗಳು ಹಾಸ್ಟೆಲಿನಲ್ಲಿದ್ದು ಓದಿನ ಕೊನೆಯ ವರ್ಷಕ್ಕೆ ಬಂದಿದ್ದಳು. ಮನೆ ನಡೆಯುತ್ತಿದ್ದದ್ದು ಆ ಗೇಟಿನಿಂದ. ಅದು ಮುಚ್ಚಿದರೆ ಈ ವಯಸ್ಸಿನಲ್ಲಿ ಇನ್ನೊಂದು ಗೇಟು ತೆರೆಯುವವರು ಯಾರು? ಕ್ಯಾಪ್ಟನ್ ಮಾತ್ರ ಮೀಸೆ ತಿರುವಿ, ದೋಷ ತಮ್ಮ ಕಾಲಿನದಲ್ಲ, ಬೂಟಿನದು ಅಂತ ಘೋಷಿಸಿದರು. ಓಡುವುದಕ್ಕೆಂದೇ ಶೂ ಮಾರುವ ಅಂಗಡಿ ಇದೆಯಂತೆ, ಅಲ್ಲಿ ಕಾಲಿಗೆ ಪರೀಕ್ಷೆ ಮಾಡಿ ಕೊಡುತ್ತಾರಂತೆ ಅಂತ ಹೆಂಡತಿಯನ್ನು, ಅಂದರೆ ನನ್ನ ಅತ್ತಿಗೆಯನ್ನು, ಒಪ್ಪಿಸಿದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು.

ಅಂಗಡಿ ನೋಡಿ ನಾನು ಬಾಗಿಲಲ್ಲೇ ಚಪ್ಪಲಿ ಬಿಡಲು ಹೋದೆ. ಅಷ್ಟು ಚೊಕ್ಕಟ. ಒಂದೊಂದು ಶೂವಿಗೂ ಪ್ರತ್ಯೇಕ ದೀಪ, ಒಡವೆಗೆ ಇಟ್ಟ ಹಾಗೆ. ಗೋಡೆಯ ಮೇಲೆ, ತಾವು ಮಾರುವುದು ಶೂ ಅಲ್ಲ, ಓಟದ ಅನುಭವ ಅಂತ ಬರೆದಿತ್ತು. ಒಬ್ಬ ಮ್ಯಾನೇಜರ್, ಒಬ್ಬಳು ಸೇಲ್ಸ್ ಹುಡುಗಿ. ಮ್ಯಾನೇಜರು ಕಾಲಿನ ಡಾಕ್ಟರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಡೆಯುವರು. ಗಿರಾಕಿ ಏನು ಕೇಳಿದರೂ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿ ಆಮೇಲೆ ಉತ್ತರಿಸುವರು.

ಕ್ಯಾಪ್ಟನ್‌ರನ್ನು ಓಡುವ ಯಂತ್ರದ ಮೇಲೆ ನಿಲ್ಲಿಸಿದರು. ಹಿಂದೆ ಕ್ಯಾಮೆರಾ, ಮುಂದೆ ಪರದೆ. ಹುಟ್ಟಿದಾಗಿನಿಂದ ತಮ್ಮ ಹಿಮ್ಮಡಿಗಳನ್ನು ನೋಡಿರದ ಮನುಷ್ಯ ಅವನ್ನು ಅಷ್ಟು ದೊಡ್ಡದಾಗಿ ಕಂಡು ಗಾಬರಿಯಾಗಿ ಯಂತ್ರದ ಮೇಲೆಯೇ ಅಟೆನ್ಷನ್ ನಿಂತುಬಿಟ್ಟರು. ಯಂತ್ರ ನಿಲ್ಲಲಿಲ್ಲ. ಹಿಂದಿದ್ದ ನನ್ನ ಮೇಲೆ ಬಂದು ಬಿದ್ದರು. ಎರಡನೇ ಸಲ ಸರಿಯಾಗಿ ಓಡಿದರು. ಮ್ಯಾನೇಜರು ಕಣ್ಣು ಮುಚ್ಚಿ ತೆರೆದು, ಪಾದ ಒಳಗಡೆ ವಾಲುತ್ತದೆ ಅಂದರು. ಕ್ಯಾಪ್ಟನ್ ನನ್ನತ್ತ ತಿರುಗಿ ಹೆಮ್ಮೆಯಿಂದ ನೋಡಿದರು. ಲೈಟುಕಂಬದ ಹತ್ತಿರವೇ ನಿಂತುಬಿಟ್ಟದ್ದಕ್ಕೆ ಕೊನೆಗೂ ಒಂದು ಕಾರಣ ಸಿಕ್ಕಿತ್ತು.

ಹುಡುಗಿ ಒಂದೇ ಶೂವಿನ ಎರಡು ಬಾಕ್ಸ್ ತಂದಳು, ಎಂಟನೇ ನಂಬರು, ಒಂಬತ್ತನೇ ನಂಬರು. ಎಂಟು ಬಿಗಿ. ಒಂಬತ್ತು ಹಾಕಿ ಅತ್ತಿತ್ತ ನಡೆದರು, ಹೂವಿನ ಮೇಲೆ ನಡೆದ ಹಾಗಿದೆ ಅಂದರು. ಅದೇ ಹೊತ್ತಿಗೆ ಒಂದೇ ಬಣ್ಣದ ಬನಿಯನ್ ತೊಟ್ಟ ಓಟಗಾರರ ಗುಂಪೊಂದು ಅಂಗಡಿಗೆ ನುಗ್ಗಿತು. ಹುಡುಗಿಯನ್ನು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಕರೆದರು. ಅವಳು ಒಂದು ಕಣ್ಣು ಅಲ್ಲಿಟ್ಟು ಒಂದು ಕಣ್ಣು ಇಲ್ಲಿಟ್ಟು ಬಾಕ್ಸ್ ಕಟ್ಟಿದಳು. ಅಂಗಡಿಯ ನಿಯಮವನ್ನೂ ಹೇಳಿದಳು. ಒಂದು ತಿಂಗಳೊಳಗೆ ಸರಿಬರದಿದ್ದರೆ ವಾಪಸ್ ತರಬಹುದು, ಪೂರ್ತಿ ದುಡ್ಡು ಕೊಡುತ್ತಾರೆ. ಆದರೆ ಮನೆಯೊಳಗೆ ಮಾತ್ರ ಹಾಕಿ ನೋಡಿರಬೇಕು, ಹೊರಗಿನ ನೆಲಕ್ಕೆ ಅಡಿ ತಾಗಿರಬಾರದು.

ಹೊರಡುವಾಗ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದಳು. "ಅಂಕಲ್, ನಿಮ್ಮ ಫೋನಿಗೆ ಒಂದು ಮೆಸೇಜ್ ಬರುತ್ತೆ. ಐದು ಸ್ಟಾರ್ ಒತ್ತಿಬಿಡಿ. ಒಂದು ಕಮ್ಮಿ ಆದ್ರೂ ನನ್ನನ್ನೇ ಕರೆದು ಕೇಳ್ತಾರೆ. ನನ್ನ ಜೊತೆ ಇದ್ದವಳನ್ನ ಹೋದ ತಿಂಗಳು ಹಂಗೇ ಕಳಿಸಿಬಿಟ್ರು."

ಕ್ಯಾಪ್ಟನ್ ಅವಳಿಗೆ ಪೂರ್ತಿ ದರ್ಜೆಯ ಸೆಲ್ಯೂಟ್ ಹೊಡೆದು ಅಲ್ಲೇ ಐದು ಒತ್ತಿದರು.

ಮನೆಗೆ ಬಂದ ಮೇಲೆ ಬೆಲೆ ಕೇಳಿ ಅತ್ತಿಗೆ ಬಾಕ್ಸಿನ ಮುಚ್ಚಳ ಮುಚ್ಚಿಟ್ಟರು. ಆಮೇಲೆ ತಮ್ಮ ತೀರ್ಪು ಕೊಟ್ಟರು. "ಪರೀಕ್ಷೆ ದಿನದವರೆಗೂ ಮನೆ ಒಳಗೇ ಓಡಿ. ಓಡಕ್ಕೆ ಬಂತು ಅಂದ್ರೆ ಇಟ್ಕೊಳ್ಳೋಣ. ಬರಲಿಲ್ಲ ಅಂದ್ರೆ ಶೂನಾದ್ರೂ ವಾಪಸ್ ಹೋಗ್ಲಿ."

ಹೀಗೆ ನಮ್ಮ ತಲೆಯ ಮೇಲಿನ ಓಟ ಶುರುವಾಯಿತು. ನೆಲದ ಮೇಲೆ ಹಳೆಯ ಹೊದಿಕೆಗಳ ಹಾಸು. ಹೊದಿಕೆ ಜಾರುತ್ತದೆಂದು ಅದರ ನಾಲ್ಕು ಮೂಲೆಗೂ ಒರಳುಕಲ್ಲು, ನೀರಿನ ಬಿಂದಿಗೆ, ಹೊಲಿಗೆ ಯಂತ್ರ, ಮಗಳ ಪುಸ್ತಕದ ಕಟ್ಟು. ಓಟ ಮುಗಿದ ಕೂಡಲೆ ಕ್ಯಾಪ್ಟನ್ ಕುರ್ಚಿಯ ಮೇಲೆ ಕೂತು ಕಾಲು ಮೇಲೆತ್ತಿ ಹಿಡಿಯುವರು. ಅತ್ತಿಗೆ ಒದ್ದೆ ಬಟ್ಟೆಯಿಂದ ಶೂವಿನ ಅಡಿ ಒರೆಸುವರು. ನಾನೊಂದು ಬೆಳಿಗ್ಗೆ ಮೇಲೆ ಹೋದಾಗ ಕ್ಯಾಪ್ಟನ್ ಗೇಟಿನಿಂದ ತಂದಿದ್ದ ಕನ್ನಡಿಯ ಕೋಲನ್ನು ತಮ್ಮ ಶೂವಿನ ಅಡಿಗೇ ಹಿಡಿದು ಕೊಳೆ ಹುಡುಕುತ್ತಿದ್ದರು.

ಎರಡನೇ ವಾರ ಸದ್ದು ಬದಲಾಯಿತು. ದಡದಡ ಅನ್ನುತ್ತಿದ್ದದ್ದು ದಡ, ಸ್ವಲ್ಪ ತಡೆದು, ದಡ ಅಂತಾಯಿತು. ಎಡಗಾಲಿನ ಬೆರಳು ಜೋಮು ಹಿಡಿಯುತ್ತಿತ್ತು. ಅಷ್ಟು ದೊಡ್ಡ ಅಂಗಡಿಯ ಶೂ ನೋಯಿಸುತ್ತದೆಂದು ಒಪ್ಪಿಕೊಳ್ಳಲು ಅವರಿಗೆ ನಾಚಿಕೆ. ಉಗುರು ಕಪ್ಪಾದದ್ದನ್ನು ಅತ್ತಿಗೆ ಕಂಡ ಮೇಲೆ ಅಂಗಡಿಗೆ ಹೋದೆವು.

ಮ್ಯಾನೇಜರು ಮೊದಲು ಶೂ ತಿರುಗಿಸಿ ಅಡಿ ನೋಡಿದರು. ಚೊಕ್ಕಟವಾಗಿದೆ ಅಂತ ಮೆಚ್ಚಿದರು. ಬಾಕ್ಸಿನ ಮೇಲಿನ ನಂಬರು ಓದಿ, ಒಂಬತ್ತೇ ಇದೆಯಲ್ಲ, ಸರಿಯಾಗಿದೆ ಅಂದರು. ಮತ್ತೆ ಯಂತ್ರ, ಮತ್ತೆ ಹಿಮ್ಮಡಿ, ಮತ್ತೆ ಕಣ್ಣು ಮುಚ್ಚಿದರು. ತಪ್ಪು ಶೂವಿನದಲ್ಲ, ಇಷ್ಟು ವರ್ಷ ತಪ್ಪಾಗಿ ನಡೆದಾಡಿದ್ದರ ಫಲ. ಪಾದ ಈಗ ಹೊಸ ಪಾಠ ಕಲಿಯುತ್ತಿದೆ, ಪಾಠ ಕಲಿಯುವಾಗ ನೋವು ಸಹಜ ಅಂದರು. ಅಂಗಾಲಿನಡಿಗೆ ಇಡುವ ಒಂದು ಮೆತ್ತೆ ಕೊಟ್ಟರು. ಮೆತ್ತೆ ಇಟ್ಟ ಮೇಲೆ ಶೂ ಇನ್ನಷ್ಟು ಬಿಗಿಯಾಯಿತು. ಇನ್ನೊಂದು ಸಲ ಹೋದಾಗ ಮತ್ತೆ ಅಡಿ ನೋಡಿದರು, ಮತ್ತೆ ಬಾಕ್ಸ್ ಓದಿದರು, ತೆಳು ಕಾಲುಚೀಲ ಕೊಟ್ಟರು. ನಾನು ಮೆಲ್ಲಗೆ, ಅಷ್ಟು ನೋವಾದರೆ ವಾಪಸ್ ಕೊಟ್ಟುಬಿಡೋಣ ಭಾವ ಅಂದೆ.

"ವಾಪಸ್ ಕೊಟ್ಟು ಏನಯ್ಯಾ ಹಾಕ್ಕೊಂಡು ಓಡ್ಲಿ?" ಅಂದರು. "ಅವರು ಓದಿಕೊಂಡವರು. ನನ್ನ ಕಾಲಿಗೆ ತಿಳುವಳಿಕೆ ಬರೋದು ತಡ ಆಗ್ತಿದೆ ಅಷ್ಟೆ."

ಪರೀಕ್ಷೆಯ ಬೆಳಿಗ್ಗೆ ಅವರು ಮೈದಾನದ ಅಂಚಿನವರೆಗೂ ಹವಾಯಿ ಚಪ್ಪಲಿಯಲ್ಲಿ ಬಂದರು. ಬಾಕ್ಸ್ ಅತ್ತಿಗೆಯ ಕಂಕುಳಲ್ಲಿತ್ತು. ಅತ್ತಿಗೆ ಅದನ್ನು ಕೊಡುವ ಮೊದಲು ಗಂಡನ ಮುಖ ನೋಡಿದರು. ವಾಪಸ್ ಕೊಡುವುದಾದರೆ ಅದೇ ಕೊನೆಯ ಗಳಿಗೆ. ಕ್ಯಾಪ್ಟನ್ ಕೈ ಚಾಚಿದರು. ಅತ್ತಿಗೆ ಬಾಕ್ಸ್ ತೆರೆದು ಕೊಟ್ಟರು. ಬಿಳಿ ಅಡಿ ಕೆಂಪು ಮಣ್ಣಿಗೆ ತಾಗುವಾಗ ನಾವು ಮೂವರೂ ಅದನ್ನೇ ನೋಡುತ್ತಿದ್ದೆವು.

ಮೊದಲ ಸುತ್ತಿನಲ್ಲಿ ಅವರು ಎಲ್ಲರಿಗಿಂತ ಮುಂದಿದ್ದರು ಅಂದರೆ ನಂಬಬೇಕು. ತಿರುವುಗಳಲ್ಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ತಿಂಗಳಿಡೀ ಮಂಚ ಸುತ್ತಿದ ಮನುಷ್ಯ. ಮೈದಾನದ ಮೂಲೆ ಅವರಿಗೆ ಯಾವ ಲೆಕ್ಕ? ಎರಡನೇ ಸುತ್ತಿನಲ್ಲಿ ಎಡಗಾಲು ಎಳೆಯತೊಡಗಿತು. ಮೂರನೆಯದರಲ್ಲಿ ಮುಖ ಸುಣ್ಣದ ಗೋಡೆಯಾಯಿತು. ಇದ್ದಕ್ಕಿದ್ದ ಹಾಗೆ ನೆಲಕ್ಕೆ ಕೂತು, ಎಡಗಾಲಿನ ಶೂ ಕಿತ್ತು ಎದೆಗೆ ಅವುಚಿಕೊಂಡು, ಒಂದು ಕಾಲಲ್ಲಿ ಶೂ, ಒಂದು ಕಾಲಲ್ಲಿ ಬರೀ ಕಾಲುಚೀಲ, ಹಾಗೇ ಎದ್ದು ಓಡಿದರು. ಉಳಿದ ಸೆಕ್ಯೂರಿಟಿಯವರಲ್ಲಿ ಒಬ್ಬಿಬ್ಬರು ನಕ್ಕರು. ಆಮೇಲೆ ಕ್ಯಾಪ್ಟನ್ ಮುಖ ನೋಡಿ ನಗು ನಿಲ್ಲಿಸಿದರು. ಗೆರೆ ದಾಟುವ ಹೊತ್ತಿಗೆ ಸ್ಟಾಪ್‌ವಾಚ್ ನಿಂತಾಗಿತ್ತು. ಆಫೀಸರ್ ತಲೆ ಎತ್ತದೆ, "ಆಯ್ತು, ಮುಂದಿನ ಬ್ಯಾಚ್," ಅಂದರು.

ಅಂದು ಸಂಜೆ ಗಂಡ ಹೆಂಡತಿ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಶೂವಿನ ಅಡಿ ತಿಕ್ಕುತ್ತಿದ್ದರು. ಅಡಿಯ ಗೀರುಗಳಲ್ಲಿ ಸಿಕ್ಕ ಸಣ್ಣ ಸಣ್ಣ ಕಲ್ಲುಗಳನ್ನು ಅತ್ತಿಗೆ ಪಿನ್ನಿನಿಂದ ಒಂದೊಂದಾಗಿ ಎಬ್ಬಿಸುತ್ತಿದ್ದರು. ಕೆಲಸವಂತೂ ಹೋಯಿತು, ದುಡ್ಡಾದರೂ ಬರಲಿ ಅಂತ. ಮಣ್ಣಿನ ಕೆಂಪು ಹೋಗುತ್ತಿರಲಿಲ್ಲ. ನನ್ನ ಹೆಂಡತಿ ಊಟ ತಂದಿಟ್ಟಿದ್ದಳು, ಯಾರೂ ಮುಟ್ಟಿರಲಿಲ್ಲ. ಆಗ ಫೋನು ಬಂತು. ಅಂಗಡಿಯ ಹುಡುಗಿ.

ಈಗಷ್ಟೇ ಬಂದ ಗಿರಾಕಿಯೊಬ್ಬರಿಗೆ ಅದೇ ಶೂ ಹಾಕಿಸಿದರೆ ಒಂದು ಕಾಲಿಗೆ ಸರಿ, ಒಂದು ಕಾಲಿಗೆ ಸಡಿಲ ಆಯಿತಂತೆ. "ಅಂಕಲ್, ನಿಮ್ಮ ಶೂ ಒಳಗಡೆ, ನಾಲಗೆ ಥರ ಇರುತ್ತಲ್ಲ, ಅದರ ಹಿಂದೆ ನಂಬರ್ ಇರುತ್ತೆ. ಎರಡೂದು ನೋಡಿ ಹೇಳ್ತೀರಾ?"

ಕ್ಯಾಪ್ಟನ್ ಕನ್ನಡಕ ಏರಿಸಿ ಬಲಗಾಲಿನದನ್ನು ಮಗುಚಿ ಓದಿದರು. ಒಂಬತ್ತು. ಎಡಗಾಲಿನದು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಗೇಟಿನಲ್ಲಿ ಗಾಡಿಯ ನಂಬರು ವರದಿ ಮಾಡುವ ದನಿಯಲ್ಲಿ, "ಎಂಟು," ಅಂದರು.

ಅತ್ತಿಗೆಯ ಕೈಯ ಪಿನ್ನು ನಿಂತಿತು.

ಮಾರನೆಯ ದಿನ ಅಂಗಡಿಯಲ್ಲಿ ನಮಗೆ ನಡೆದ ಉಪಚಾರ ನನ್ನ ಮದುವೆಯಲ್ಲೂ ನನಗೆ ನಡೆದಿಲ್ಲ. ಸೋಫಾ, ತಣ್ಣಗಿನ ಜ್ಯೂಸು, ಎಸಿ ನಮ್ಮ ಕಡೆಗೇ ತಿರುಗಿಸಿದ್ದು. ಮ್ಯಾನೇಜರು ಹೊಸ ಜೊತೆ ತಂದು ಎರಡೂ ನಂಬರು ತಾವೇ ಓದಿ ತೋರಿಸಿದರು, ಎರಡೂ ಒಂಬತ್ತು. ಅದರ ಜೊತೆಗೆ ಕಾಲುಚೀಲ ಉಚಿತ, ನೀರಿನ ಬಾಟಲಿ ಉಚಿತ, ಮುಂದಿನ ಸಲ ಕೊಂಡರೆ ರಿಯಾಯಿತಿ. ಹೊಸ ಜೊತೆಗೂ ಒಂದು ತಿಂಗಳ ಅವಕಾಶ. ನೆಲಕ್ಕೆ ತಾಗಿಸದಿದ್ದರೆ ವಾಪಸ್ ತಂದು ದುಡ್ಡು ತಗೊಳ್ಳಬಹುದು. ಅವರು ಹಳೆಯ ಜೊತೆಯನ್ನು ಒಳಗೆ ತೆಗೆದುಕೊಂಡು ಹೋಗುವ ಮೊದಲು ಕ್ಯಾಪ್ಟನ್ ನನ್ನ ಫೋನಿನಲ್ಲಿ ಎರಡು ನಂಬರುಗಳ ಫೋಟೊ ತೆಗೆಸಿದರು.

ಆಮೇಲೆ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತರು. "ಸಾರ್, ನನಗೆ ಬಾಟಲಿ ಬೇಡ. ನಮ್ಮ ಆಫೀಸರ್‌ಗೆ ಒಂದು ಫೋನ್ ಮಾಡಿ. ಶೂ ನಾವು ತಪ್ಪು ಕೊಟ್ಟಿದ್ವಿ ಅಂತ ಒಂದೇ ಒಂದು ಮಾತು. ಇನ್ನೊಂದ್ಸಲ ಓಡಕ್ಕೆ ಬಿಡಬಹುದು."

ಮ್ಯಾನೇಜರು ಕಣ್ಣು ಮುಚ್ಚಿದರು. ತೆರೆದ ಮೇಲೆ ಹೇಳಿದ ಮಾತು ಬಹಳ ನಯವಾಗಿತ್ತು. ತೊಂದರೆಯೇನಾದರೂ ಆಗಿದ್ದರೆ ವಿಷಾದವಿದೆ. ಆದರೆ ತಪ್ಪಾಯಿತು ಅನ್ನುವ ಅಧಿಕಾರ ತಮಗಿಲ್ಲ, ಅದನ್ನು ಹೆಡ್ ಆಫೀಸ್ ಅನ್ನಬೇಕು. ಹೆಡ್ ಆಫೀಸ್ ಫೋನ್ ಮಾಡುವುದಿಲ್ಲ, ಇಮೇಲ್ ಕಳಿಸಿದರೆ ನೋಡುತ್ತದೆ. ಕ್ಯಾಪ್ಟನ್ ಹುಡುಗಿಯ ಕಡೆ ನೋಡಿದರು. ಅವಳು ಆಗಲೇ ನೇರವಾಗಿದ್ದ ಬಾಕ್ಸುಗಳನ್ನು ಮತ್ತೆ ನೇರ ಮಾಡುತ್ತಿದ್ದಳು. ಕತ್ತು ಮಾತ್ರ ಕೆಂಪಾಗಿತ್ತು. ಅವರು ಟೋಪಿ ತಲೆಗೇರಿಸಿ ಬಾಗಿಲ ಕಡೆ ನಡೆದರು.

ಅಲ್ಲಿಂದ ನೇರ ಏಜೆನ್ಸಿಗೆ ಹೋದೆವು. ನಾನು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತೆ. ಆಫೀಸರ್ ಕೆಟ್ಟವರಲ್ಲ, ಫೋಟೊವನ್ನು ದೊಡ್ಡದು ಮಾಡಿ ಎರಡೆರಡು ಸಲ ನೋಡಿದರು.

"ತಿಂಗಳು ಪೂರ್ತಿ ಇದನ್ನೇ ಹಾಕ್ಕೊಂಡು ಓಡಿದ್ರಾ?"

"ಹೌದು ಸಾರ್."

"ನೋವಾಗ್ತಿತ್ತಾ?"

"ಆಗ್ತಿತ್ತು ಸಾರ್."

ಆಫೀಸರ್ ಫೋನ್ ಮೇಜಿನ ಮೇಲಿಟ್ಟರು. "ಎಲ್ಲರ ಗಾಡಿ ಅಡಿಗೂ ಕನ್ನಡಿ ಹಿಡಿಯೋರು ನೀವು. ನಿಮ್ಮ ಶೂ ಒಳಗೆ ಒಂದ್ಸಲ ನೋಡಲಿಲ್ವಾ?"

ಗೇಟಿಗೆ ಬಂದ ಎಂಥೆಂಥವರಿಗೋ ಉತ್ತರ ಕೊಟ್ಟ ಕ್ಯಾಪ್ಟನ್ ತಮ್ಮ ಕಾಲಿನ ಕಡೆ ನೋಡಿಕೊಂಡರು. ಆಫೀಸರ್ ಮೆತ್ತಗೆ, ನಿಮಗೊಬ್ಬರಿಗೆ ಬಿಟ್ಟರೆ ಉಳಿದ ಫೇಲಾದವರಿಗೆ ಏನು ಹೇಳಲಿ ಅಂದರು. ಆ ಮಾತಿನಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ, ಅದೇ ದೊಡ್ಡ ಸಂಕಟ. ಕ್ಯಾಪ್ಟನ್ ಟೋಪಿ, ವಿಸಿಲ್, ಬೆಲ್ಟ್ ಮೇಜಿನ ಮೇಲೆ ಸಾಲಾಗಿಟ್ಟರು. ಕನ್ನಡಿಯ ಕೋಲು ಮನೆಯಲ್ಲೇ ಇದೆ, ನಾಳೆ ತಂದುಕೊಡುತ್ತೇನೆ ಅಂದರು. ಸೆಲ್ಯೂಟ್ ಹೊಡೆಯಲು ಕೈ ಎತ್ತಿ, ತಲೆಯ ಮೇಲೆ ಟೋಪಿಯಿಲ್ಲದ್ದು ನೆನಪಾಗಿ, ಕೂದಲು ಸವರಿಕೊಂಡರು.

ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಮೇಲೆ ಸದ್ದಿರಲಿಲ್ಲ. ತಿಂಗಳಿಡೀ ಶಪಿಸಿದ ಸದ್ದು; ಆದರೆ ಅಂದು ನಾನು ಲೋಟ ಹಿಡಿದು ಸೀಲಿಂಗ್ ನೋಡುತ್ತ ಕೂತೆ. ಅತ್ತಿಗೆ ಹೊದಿಕೆಗಳನ್ನು ತೊಳೆದು ತಂತಿಗೆ ಹರವಿದ್ದು ಕಿಟಕಿಯಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ ಹೊರಗೆ ಬಂದೆ.

ಕ್ಯಾಪ್ಟನ್ ಬೀದಿಬಾಗಿಲ ಹೊಸ್ತಿಲ ಒಳಗೆ ನಿಂತಿದ್ದರು. ಒಂದು ಕೈಯಲ್ಲಿ ಕನ್ನಡಿಯ ಕೋಲು, ಇನ್ನೊಂದರಲ್ಲಿ ಫೋನು. ಇಸ್ತ್ರಿ ಮಾಡಿದ ಅಂಗಿ. ಕಾಲಲ್ಲಿ ಹೊಸ ಜೊತೆ, ಅಡಿ ಇನ್ನೂ ಹಾಲಿನಷ್ಟು ಬಿಳಿ.

"ಇದು ನೋಡು," ಅಂತ ಫೋನು ಚಾಚಿದರು. ನಮ್ಮ ಸೇವೆ ನಿಮಗೆ ಹೇಗೆನಿಸಿತು ಅಂತ ಅಂಗಡಿಯವರು ಕೇಳಿದ್ದರು. ಕೆಳಗೆ ಐದು ಖಾಲಿ ನಕ್ಷತ್ರ.

"ಒಂದು ಒತ್ತಿ ಭಾವ," ಅಂದೆ. "ಅದೂ ಹೆಚ್ಚೇ."

ಅವರು ಫೋನನ್ನೇ ನೋಡುತ್ತಿದ್ದರು. "ಒಂದು ಒತ್ತಿದ್ರೆ ಆ ಮ್ಯಾನೇಜರಪ್ಪನ್ನ ಯಾರೂ ಕೇಳಲ್ಲ ಕಣಯ್ಯಾ. ಆ ಹುಡುಗೀನ ಕಳಿಸ್ತಾರೆ." ಹೆಬ್ಬೆರಳು ಐದರ ಮೇಲೆ ಇಳಿಯಿತು. ಧನ್ಯವಾದ ಅಂತ ಫೋನು ಟಿಣ್ ಅಂದಿತು.

ಶೂ ವಾಪಸ್ ಕೊಟ್ಟರೆ ಬರುವ ದುಡ್ಡು ಈಗ ಎಷ್ಟು ಬೇಕಾದದ್ದು ಅಂತ ನನಗೂ ಗೊತ್ತಿತ್ತು. ಹೊರಗೆ ಹಾಕಬೇಡಿ, ನಿಮ್ಮ ಹಳೇ ಬೂಟ್ ಹಾಕ್ಕೊಂಡು ಹೋಗಿ ಅಂದೆ.

"ಅದು ಏಜೆನ್ಸಿದು. ನಿನ್ನೆ ಸಂಜೆನೇ ಬಂದು ತಗೊಂಡು ಹೋದ್ರು, ಈ ಕೋಲು ಮರೆತ್ರು," ಅಂದರು. "ಹವಾಯಿ ಚಪ್ಪಲಿ ಹಾಕ್ಕೊಂಡು ಯಾರ ಗೇಟ್ ಮುಂದೆ ಹೋಗಿ ಕೆಲಸ ಕೇಳ್ಲಿ?"

ಕೋಲಿನ ತುದಿಯ ಕನ್ನಡಿಯನ್ನು ಶೂವಿನ ಅಡಿಗೆ ಹಿಡಿದು ಕೊನೆಯ ಸಲ ನೋಡಿಕೊಂಡರು. ಎಡಗಾಲು, ಬಲಗಾಲು. ಆಮೇಲೆ ಬಗ್ಗಿ, ಎರಡರ ನಾಲಗೆಯನ್ನೂ ಮಗುಚಿ ನಂಬರು ಓದಿ, ದಾರ ಬಿಗಿದು, ಬೀದಿಯ ಮಣ್ಣಿಗೆ ಕಾಲಿಟ್ಟರು.